ಹೊಸ ಗಿರಾಕಿ ಬೇಕಾ? ಪಾಂಪ್ಲೆಟ್‌ಗಿಂತ ಮೊದಲು ಇದಿಷ್ಟು ಮಾಡಿ

ಚಿಕ್ಕಮಗಳೂರಿನಲ್ಲಿ ನನ್ನದೊಂದು ಪುಟ್ಟ ಪ್ರಿಂಟಿಂಗ್ ಅಂಗಡಿ ಇದೆ. ವಿಸಿಟಿಂಗ್ ಕಾರ್ಡು, ಬಿಲ್ ಬುಕ್ಕು, ಪ್ಯಾಕೆಟ್ ಲೇಬಲ್ಲು, ಬೋರ್ಡು, ಇಂಥವೇ ಕೆಲಸ. ಹೊಸದಾಗಿ ವ್ಯಾಪಾರ ಶುರು ಮಾಡಿದವರು, ವ್ಯಾಪಾರ ಇಳಿದು ಕಂಗಾಲಾದವರು ಮೊದಲು ಬರುವುದು ನನ್ನಂಥವರ ಹತ್ತಿರವೇ. "ಸಾರ್, ಒಂದು ಸಾವಿರ ಪಾಂಪ್ಲೆಟ್ ಹೊಡೆದುಕೊಡಿ, ಪೇಪರ್ ಒಳಗೆ ಹಾಕಿಸ್ತೀನಿ" ಅನ್ನುತ್ತಾರೆ. ಹೊಡೆದುಕೊಟ್ಟರೆ ನನಗೆ ಸಂಪಾದನೆ. ಆದರೂ ಹೇಳುತ್ತೇನೆ, ಅದಕ್ಕಿಂತ ಮೊದಲು ಮಾಡಬೇಕಾದ ಕೆಲಸ ಬೇಕಾದಷ್ಟಿದೆ. ಹೆಚ್ಚಿನದಕ್ಕೆ ದುಡ್ಡೂ ಬೇಡ. ಈಗಾಗಲೇ ಬಂದು ಹೋದವರನ್ನು ಹಿಡಿದುಕೊಳ್ಳಬೇಕು, ಹುಡುಕುವವರ ಕಣ್ಣಿಗೆ ಬೀಳಬೇಕು. ಹೊಸಬರನ್ನು ದುಡ್ಡು ಕೊಟ್ಟು ಕರೆಯುವುದು ಅದಾದ ಮೇಲೆ.

1. ಒಂದು ವಾರ ನೋಟ್‌ಬುಕ್ಕಿನಲ್ಲಿ ಬರೆಯಿರಿ

ಗಲ್ಲಾಪೆಟ್ಟಿಗೆ ಪಕ್ಕ ಒಂದು ನೋಟ್‌ಬುಕ್ ಇಡಿ. ಬಂದ ಪ್ರತಿಯೊಬ್ಬರ ಬಗ್ಗೆ ನಾಲ್ಕು ವಿಷಯ ಬರೆಯಿರಿ. ಎಲ್ಲಿಂದ ಬಂದರು, ಏನು ತಗೊಂಡರು, ಎಷ್ಟಾಯಿತು, ನಮ್ಮ ಅಂಗಡಿ ಹೇಗೆ ಗೊತ್ತಾಯಿತು. ಬರಿಗೈಲಿ ಹೋದವರದ್ದೂ ಬರೆಯಿರಿ. ನಿಜ ಹೇಳಬೇಕಂದ್ರೆ ಅದೇ ಮುಖ್ಯ.

ಕಾಫಿ ಪುಡಿ ಅಂಗಡಿಯ ನೋಟ್‌ಬುಕ್ ಅಂದುಕೊಳ್ಳಿ. ಅದು ಹೀಗಿರಬಹುದು:

"ಬುಧವಾರ, ಬೆಳಿಗ್ಗೆ 11. ಮಲ್ಲಂದೂರು ಕಡೆ ತೋಟದ ರೈಟರು (ಲೆಕ್ಕ ಬರೆಯುವವರು). 80-20 ಪುಡಿ (80 ಭಾಗ ಕಾಫಿ, 20 ಚಿಕೋರಿ), 2 ಕೆಜಿ. ಗೊಬ್ಬರದ ಅಂಗಡಿಯವರು ಹೇಳಿದ್ದಂತೆ.
ಶನಿವಾರ, ಸಂಜೆ 5. ಬೆಂಗಳೂರಿನ ಕಾರು, ನಾಲ್ಕು ಜನ. ಫಿಲ್ಟರ್ ಇದೆಯಾ ಅಂದರು. ಇಲ್ಲ. ಹೋದರು.
ಶನಿವಾರ, ಸಂಜೆ 6. ಇನ್ನೊಂದು ಕಾರು. ಮತ್ತೆ ಫಿಲ್ಟರ್."

ಮುಂದಿನ ಶನಿವಾರದೊಳಗೆ ಒಂದು ಡಜನ್ ಸ್ಟೀಲ್ ಫಿಲ್ಟರ್ ತರಿಸಿ ಗಾಜಿನ ಕಪಾಟಿನಲ್ಲಿ ಇಡಬೇಕು ಅಂತ ಆ ಪುಟವೇ ಹೇಳುತ್ತಿದೆ, ಅಲ್ವಾ? ಇದಕ್ಕೆ ಯಾವ ಮಾರ್ಕೆಟಿಂಗ್ ಗುರುವೂ ಬೇಡ.

ನಮ್ಮ ಕಡೆ ಗಿರಾಕಿಗಳಲ್ಲಿ ಮುಖ್ಯವಾಗಿ ಮೂರು ಥರ. ಊರಿನವರು, ತೋಟದವರು, ವಾರಾಂತ್ಯಕ್ಕೆ ಬರುವ ಪ್ರವಾಸಿಗಳು. ಮೂವರ ಜೇಬೂ ಬೇರೆ, ಬರುವ ಹೊತ್ತೂ ಬೇರೆ. ಊರಿನ ಸಂಬಳದಾರರ ಖರೀದಿ ತಿಂಗಳ ಮೊದಲ ವಾರ. ತೋಟದ ಆಳುಗಳು ಬಟವಾಡೆ ಆದ ಮೇಲೆ ಸಂತೆಗೆ ಬರುತ್ತಾರೆ. ಬೆಳೆಗಾರರ ಲೆಕ್ಕ ಪೂರ್ತಿ ಬೇರೆ. ಅರೇಬಿಕಾ ಕೊಯ್ಲು ನವೆಂಬರ್‌ನಿಂದ ಜನವರಿ, ರೋಬಸ್ಟಾ ಜನವರಿಯಿಂದ ಮಾರ್ಚ್. ಕೊಯ್ಲಿನಲ್ಲಿ ಅವರಿಗೆ ತಲೆ ಕೆರೆದುಕೊಳ್ಳಲೂ ಪುರುಸೊತ್ತಿಲ್ಲ. ಕಾಫಿ ಮಾರಿ ಕೈಗೆ ದುಡ್ಡು ಬಂದ ಮೇಲೆ ಮನೆ ರಿಪೇರಿ, ಸೋಫಾ, ಸ್ಪ್ರಿಂಕ್ಲರ್ ಸೆಟ್ಟು, ಮದುವೆ ಜವಳಿ. ನೀವು ಬಡಗಿಯೋ ಪಂಪ್‌ಸೆಟ್ ಮೆಕ್ಯಾನಿಕ್ಕೋ ಆಗಿದ್ದರೆ ಡಿಸೆಂಬರ್‌ನಲ್ಲಿ ಪ್ರಚಾರ ಮಾಡಿ ಪ್ರಯೋಜನ ಕಮ್ಮಿ. ಫೆಬ್ರವರಿಯಲ್ಲಿ ಮಾಡಿ.

ಹಾಸನದ ಕಡೆಯವರಿಗೂ ಇಂಥದ್ದೇ ಲೆಕ್ಕ ಇದೆ. ಹಾಸನಾಂಬೆಯ ಬಾಗಿಲು ತೆರೆಯುವುದು ವರ್ಷಕ್ಕೊಮ್ಮೆ, ದೀಪಾವಳಿ ಆಸುಪಾಸಿನಲ್ಲಿ. ಆ ಕೆಲವು ದಿನ ಊರಿಗೆ ಬರುವ ಜನ ಬೇರೆ ಯಾವಾಗಲೂ ಬರುವುದಿಲ್ಲ. ಬೇಲೂರು, ಹಳೇಬೀಡು 2023ರಲ್ಲಿ ಯುನೆಸ್ಕೊ ವಿಶ್ವ ಪರಂಪರೆ ಪಟ್ಟಿಗೆ ಸೇರಿದವು. ಅಲ್ಲಿ ಅಂಗಡಿ ಇಟ್ಟವರು ಪರಭಾಷೆಯ ಗಿರಾಕಿಯನ್ನೂ ಮನಸ್ಸಿನಲ್ಲಿ ಇಟ್ಟುಕೊಂಡು ಬೆಲೆಪಟ್ಟಿ ಬರೆಸಬೇಕು.

2. ಏನು ಮಾಡಿಕೊಡುತ್ತೀರಿ ಅನ್ನುವುದನ್ನು ಒಂದೇ ಸಾಲಿನಲ್ಲಿ ಹೇಳಿ

"ಇಲ್ಲಿ ಎಲ್ಲಾ ತರಹದ ಹೊಲಿಗೆ ಕೆಲಸ ಮಾಡಿಕೊಡಲಾಗುವುದು." ಈ ಸಾಲನ್ನು ನಾನು ಎಷ್ಟು ಬೋರ್ಡಿಗೆ ಹಾಕಿಕೊಟ್ಟಿದ್ದೇನೋ ಲೆಕ್ಕವಿಲ್ಲ. ಓದಿದವರಿಗೆ ಹೊಸದಾಗಿ ಏನೂ ತಿಳಿಯುವುದಿಲ್ಲ. "ಬ್ಲೌಸ್ ಮೂರು ದಿನದಲ್ಲಿ, ಹೇಳಿದ ದಿನಕ್ಕೆ" ಅಂತ ಬರೆಸಿ ನೋಡಿ. ಟೈಲರ್ ಹತ್ತಿರ ಹೆಂಗಸರಿಗೆ ಇರುವ ದೊಡ್ಡ ಗೋಳೇ ಅದು: ನಾಳೆ ಬನ್ನಿ, ನಾಡಿದ್ದು ಬನ್ನಿ. ನಿಮ್ಮ ಕಸುಬಿನಲ್ಲಿ ಗಿರಾಕಿಯ ಗೋಳು ಏನು ಅಂತ ಹುಡುಕಿ, ಅದಕ್ಕೆ ಉತ್ತರವಾಗಿ ಒಂದು ಸಾಲು ಬರೆಯಿರಿ. ಬರೆದ ಮೇಲೆ ಅದರಂತೆ ನಡೆಯಬೇಕು ಅನ್ನುವುದು ಬೇರೆ ಮಾತು.

3. ಬೋರ್ಡು

ಸ್ಕೂಟರಿನಲ್ಲಿ ಹೋಗುವವನಿಗೆ ಒಂದೇ ನೋಟದಲ್ಲಿ ಓದಲಿಕ್ಕೆ ಆಗಬೇಕು. ಹೆಸರು, ಆ ಒಂದು ಸಾಲು, ಫೋನ್ ನಂಬರ್. ಇಷ್ಟು ಸಾಕು. ದೇವರ ಫೋಟೋ, ಮಗುವಿನ ಫೋಟೋ, ಹನ್ನೆರಡು ಸೇವೆಗಳ ಪಟ್ಟಿ ಎಲ್ಲಾ ತುರುಕಿದರೆ ಅಕ್ಷರ ಇರುವೆ ಸಾಲಿನ ಥರ ಕಾಣುತ್ತದೆ.

ಇನ್ನೆರಡು ವಿಷಯ. 2024ರ ತಿದ್ದುಪಡಿ ಕಾಯ್ದೆಯ ಪ್ರಕಾರ ನಾಮಫಲಕದಲ್ಲಿ ಶೇ 60ರಷ್ಟು ಕನ್ನಡ ಇರಬೇಕು, ಅದೂ ಮೇಲ್ಭಾಗದಲ್ಲಿ. ಪ್ಲಾಸ್ಟಿಕ್ ಫ್ಲೆಕ್ಸ್ ಅನ್ನು ರಾಜ್ಯ ಸರ್ಕಾರ 2016ರಲ್ಲೇ ನಿಷೇಧಿಸಿದೆ. ಎಲ್ಲರೂ ಹಾಕ್ತಾರಲ್ಲ ಅಂತ ಕೇಳಬೇಡಿ, ಹಾಕುತ್ತಾರೆ, ಮುನಿಸಿಪಾಲಿಟಿಯವರು ಕಿತ್ತುಕೊಂಡೂ ಹೋಗುತ್ತಾರೆ. ನಮ್ಮ ಮಳೆಗೆ ಅದು ಎರಡು ವರ್ಷವೂ ಬಾಳುವುದಿಲ್ಲ. ತಗಡಿನ ಮೇಲೆ ಪೇಂಟ್ ಮಾಡಿಸಿದ ಬೋರ್ಡಿನ ಮುಂದೆ ಅದು ಏನೂ ಅಲ್ಲ.

4. ಗೂಗಲ್ ಮ್ಯಾಪಿನಲ್ಲಿ ನಿಮ್ಮ ಅಂಗಡಿ ಕಾಣಿಸಬೇಕು

ಇದಕ್ಕೆ ಒಂದು ಮಧ್ಯಾಹ್ನ ಎತ್ತಿಡಿ. ಗೂಗಲ್ ಬಿಸಿನೆಸ್ ಪ್ರೊಫೈಲ್ ಅಂತ ಇದೆ, ಪೂರ್ತಿ ಉಚಿತ. ನಿಮ್ಮ ಜಿಮೇಲ್‌ನಿಂದಲೇ ಮಾಡಿ. ಮಗನ ಸ್ನೇಹಿತನ ಜಿಮೇಲ್‌ನಿಂದ ಮಾಡಿಸಿದರೆ, ಆ ಹುಡುಗ ಬೆಂಗಳೂರಿಗೆ ಕೆಲಸಕ್ಕೆ ಹೋದ ಮೇಲೆ ಫೋನ್ ನಂಬರ್ ಬದಲಿಸಲಿಕ್ಕೂ ಅವನನ್ನೇ ಕಾಯಬೇಕಾಗುತ್ತದೆ.

ಅಂಗಡಿ ಬಾಗಿಲಲ್ಲೇ ನಿಂತು ಜಾಗ ಗುರುತಿಸಿ. ಪೇಟೆಯಲ್ಲಿ ಹತ್ತು ಅಡಿ ಆಚೀಚೆ ಆದರೆ ನಡೆಯುತ್ತದೆ. ಹೋಮ್‌ಸ್ಟೇಯವರಿಗೆ ನಡೆಯುವುದಿಲ್ಲ. ಮೂಡಿಗೆರೆ, ಕಳಸ ಕಡೆ ಪಿನ್ ಸ್ವಲ್ಪ ತಪ್ಪಿದರೆ ಗಿರಾಕಿಯ ಕಾರು ಯಾರದ್ದೋ ತೋಟದ ಗೇಟಿನ ಮುಂದೆ ನಿಂತಿರುತ್ತದೆ, ಅಲ್ಲಿ ನೆಟ್‌ವರ್ಕ್ ಬೇರೆ ಇರುವುದಿಲ್ಲ. ಹಾಗಾಗಿ ಬುಕಿಂಗ್ ಆದ ಕೂಡಲೇ ದಾರಿಯನ್ನು ಮಾತಿನಲ್ಲೂ ಬರೆದು ಕಳಿಸಿ: "ಬಸ್ ಸ್ಟಾಪ್ ದಾಟಿದ ಮೇಲೆ ಎಡಗಡೆ ಮೊದಲನೇ ಮಣ್ಣಿನ ರಸ್ತೆ, ನೀಲಿ ಗೇಟು."

ಆಮೇಲೆ ವರ್ಗ ಆರಿಸಬೇಕು. ಇಲ್ಲಿ ಬಹಳ ಜನ ಎಡವುತ್ತಾರೆ. ಪುಡಿ ಮಾರುವವರು 'ಕಾಫಿ ಶಾಪ್' ಅಂತ ಒತ್ತಿಬಿಡುತ್ತಾರೆ. ಗೂಗಲ್ ಲೆಕ್ಕದಲ್ಲಿ ಅದು ಕೂತು ಕಾಫಿ ಕುಡಿಯುವ ಜಾಗ. ಬಂದವರು "ಟೇಬಲ್ ಎಲ್ಲಿ?" ಅಂತ ಕೇಳಿ, ಇಲ್ಲ ಅಂದರೆ ಸಿಟ್ಟಿನಲ್ಲಿ ಒಂದು ಸ್ಟಾರ್ ಕೊಟ್ಟು ಹೋಗುತ್ತಾರೆ. ನಿಮಗೆ ಬೇಕಾದದ್ದು 'ಕಾಫಿ ಸ್ಟೋರ್'. ಹುರಿಯುವುದೂ ನೀವೇ ಆದರೆ 'ಕಾಫಿ ರೋಸ್ಟರ್ಸ್' ಕೂಡ ಸೇರಿಸಿ.

ತೆರೆಯುವ, ಮುಚ್ಚುವ ಹೊತ್ತು ಸರಿಯಾಗಿರಲಿ. ಮಧ್ಯಾಹ್ನ ಊಟಕ್ಕೆ ಬಾಗಿಲು ಹಾಕುತ್ತೀರಾ? ಅದನ್ನೂ ಹಾಕಿ. ಹಬ್ಬದ ದಿನ ರಜೆ ಅಂತ ನಮೂದಿಸಲಿಕ್ಕೆ ಪ್ರತ್ಯೇಕ ಜಾಗವೇ ಇದೆ. ಫೋಟೋ ಐದಾರು ಇದ್ದರೆ ಸಾಕು: ರಸ್ತೆಯಿಂದ ಕಾಣುವ ಅಂಗಡಿ, ಒಳಗಡೆ, ಸಾಮಾನು, ಬೆಲೆಪಟ್ಟಿ. ಬೆಳಗಿನ ಬೆಳಕಿನಲ್ಲಿ ಮೊಬೈಲಿನಲ್ಲೇ ತೆಗೆಯಿರಿ. ಇಂಟರ್ನೆಟ್ಟಿನಿಂದ ಎತ್ತಿದ ಫೋಟೋ ಬೇಡ, ಜನ ಗುರುತು ಹಿಡಿಯುತ್ತಾರೆ.

ಅಂಗಡಿ ನಿಮ್ಮದೇ ಅಂತ ಗೂಗಲ್‌ಗೆ ತೋರಿಸಬೇಕು. ಫೋನಿಗೆ ಕೋಡ್ ಬರಬಹುದು, ಇಲ್ಲಾ ವಿಡಿಯೋ ಕೇಳಬಹುದು. ವಿಡಿಯೋ ಕೇಳಿದರೆ ರಸ್ತೆಯಿಂದ ಶುರು ಮಾಡಿ ಬೋರ್ಡು ತೋರಿಸಿ, ಬೀಗ ತೆಗೆದು ಒಳಗೆ ಹೋಗಿ, ಎಲ್ಲಾ ಒಂದೇ ವಿಡಿಯೋದಲ್ಲಿ. ಈ ನಡುವೆ "ಗೂಗಲ್ ಕಂಪನಿಯಿಂದ ಮಾತಾಡ್ತಿದ್ದೀವಿ, ಇಷ್ಟು ಕಟ್ಟಿದರೆ ನಿಮ್ಮ ಅಂಗಡಿ ಮೇಲೆ ಬರುತ್ತೆ" ಅಂತ ಯಾರಾದರೂ ಫೋನ್ ಮಾಡಿದರೆ ಇಟ್ಟುಬಿಡಿ. ಒಟಿಪಿ ಅಂತೂ ಕೊಡಲೇಬೇಡಿ.

ಇನ್ನು ರಿವ್ಯೂ. ಖುಷಿಯಾಗಿ ಹೋಗುತ್ತಿರುವ ಗಿರಾಕಿಯನ್ನು ನೇರ ಕೇಳಿ: "ಅಣ್ಣ, ಪುಡಿ ಇಷ್ಟ ಆದರೆ ಗೂಗಲ್‌ನಲ್ಲಿ ಎರಡು ಸಾಲು ಬರೀರಿ, ನಮಗೆ ಅನುಕೂಲ ಆಗುತ್ತೆ." ಕೇಳಲಿಕ್ಕೆ ಸಂಕೋಚ ಬೇಡ. ಕನ್ನಡದಲ್ಲಿ ಬರೆದರೂ ನಡೆಯುತ್ತದೆ. ಆದರೆ ರಿವ್ಯೂ ಬರೆದವರಿಗೆ ಹತ್ತು ಪರ್ಸೆಂಟ್ ಬಿಡುತ್ತೇನೆ ಅನ್ನುವುದು ಗೂಗಲ್ ನಿಯಮಕ್ಕೆ ವಿರುದ್ಧ. ಅಣ್ಣ ತಮ್ಮಂದಿರ ಹತ್ತಿರ ಒಂದೇ ದಿನ ಇಪ್ಪತ್ತು ಬರೆಸುವುದೂ ಬೇಡ.

ಕೆಟ್ಟ ರಿವ್ಯೂ ಬಂದೇ ಬರುತ್ತದೆ. ಆ ರಾತ್ರಿಯೇ ಉತ್ತರ ಬರೆಯಬೇಡಿ. ಬೆಳಿಗ್ಗೆ ಎದ್ದು, ಜಗಳಕ್ಕೆ ಇಳಿಯದೆ, ಚಿಕ್ಕದಾಗಿ ಬರೆಯಿರಿ: "ತೊಂದರೆ ಆಗಿದ್ದಕ್ಕೆ ಕ್ಷಮಿಸಿ. ಶನಿವಾರ ಮಿಷನ್ ಕೆಟ್ಟಿದ್ದರಿಂದ ತಡವಾಯಿತು. ಮತ್ತೆ ಬಂದಾಗ ನನ್ನನ್ನೇ ಕೇಳಿ." ಆ ಉತ್ತರವನ್ನು ಬೈದವರಿಗಿಂತ ಜಾಸ್ತಿ ಓದುವುದು ಮುಂದೆ ಬರುವವರು.

5. ವಾಟ್ಸ್ಆ್ಯಪ್ ಬಿಸಿನೆಸ್

ಅಂಗಡಿಗೇ ಅಂತ ಒಂದು ಸಿಮ್ ತಗೊಳ್ಳಿ. ಮನೆ ನಂಬರಿನಲ್ಲಿ ನಡೆಸಿದರೆ ಅತ್ತಿಗೆಯ ಗುಡ್ ಮಾರ್ನಿಂಗ್ ನಡುವೆ ಆರ್ಡರ್ ಕಳೆದುಹೋಗುತ್ತದೆ. ಆ ನಂಬರಿಗೆ ವಾಟ್ಸ್ಆ್ಯಪ್ ಬಿಸಿನೆಸ್ ಹಾಕಿಕೊಳ್ಳಿ. 2018ರಿಂದ ಇದೆ, ಉಚಿತ. ಅದರಲ್ಲಿ ಮೂರು ಸೌಲಭ್ಯ ಬಳಸಿದರೆ ಸಾಕು.

ಮೊದಲನೆಯದು ಕ್ಯಾಟಲಾಗ್. ಒಂದೊಂದು ಸಾಮಾನಿಗೂ ಫೋಟೋ, ತೂಕ, ಬೆಲೆ. "ಬೆಲೆಗೆ ಮೆಸೇಜ್ ಮಾಡಿ" ಅಂತ ಹಾಕುವ ಚಾಳಿ ಬಿಡಿ. ಬೆಲೆ ಕಾಣದಿದ್ದರೆ ಜಾಸ್ತಿ ಇರಬೇಕು ಅಂತಲೇ ಜನ ಅಂದುಕೊಳ್ಳುತ್ತಾರೆ.

ಎರಡನೆಯದು ಕ್ವಿಕ್ ರಿಪ್ಲೈ. ದಿನಾ ಕೇಳುವ ಪ್ರಶ್ನೆಗಳಿಗೆ ಉತ್ತರ ಬರೆದಿಟ್ಟುಕೊಂಡು ಒಂದೇ ಒತ್ತಿಗೆ ಕಳಿಸಬಹುದು. ಹೋಮ್‌ಸ್ಟೇಗಾದರೆ: "ನಮಸ್ಕಾರ. ಒಬ್ಬರಿಗೆ ಇಷ್ಟು, ರಾತ್ರಿ ಊಟ ಬೆಳಗಿನ ತಿಂಡಿ ಸೇರಿ. ಐದು ವರ್ಷದೊಳಗಿನ ಮಕ್ಕಳಿಗೆ ಚಾರ್ಜ್ ಇಲ್ಲ. ಎಷ್ಟು ಜನ, ಯಾವ ತಾರೀಕು ಹೇಳಿ, ರೂಮ್ ಇದೆಯಾ ನೋಡಿ ಹೇಳ್ತೀನಿ." ಪ್ರವಾಸಿಗಳು ನಾಲ್ಕು ಕಡೆ ಒಟ್ಟಿಗೇ ಮೆಸೇಜ್ ಹಾಕಿರುತ್ತಾರೆ. ಮೊದಲು ಉತ್ತರ ಕೊಟ್ಟವರ ಮನೆಗೆ ಹೋಗುವುದೇ ಹೆಚ್ಚು. ತೋಟಕ್ಕೆ ಹೋದಾಗ ನೆಟ್‌ವರ್ಕ್ ಸಿಗುವುದಿಲ್ಲ ಅಂತಾದರೆ ಆಟೋಮ್ಯಾಟಿಕ್ ಮೆಸೇಜ್ ಹಾಕಿಡಿ: "ಸಂಜೆ 6ರ ಮೇಲೆ ಖಂಡಿತ ಉತ್ತರಿಸುತ್ತೇನೆ."

ಮೂರನೆಯದು ಲೇಬಲ್. ಯಾರು ಹೊಸಬರು, ಯಾರು ದುಡ್ಡು ಬಾಕಿ, ಯಾರು ಖಾಯಂ ಗಿರಾಕಿ ಅಂತ ಬಣ್ಣ ಹಚ್ಚಿ ವಿಂಗಡಿಸಬಹುದು. ನಾನು ಕಂಡ ಹಾಗೆ ಹೆಚ್ಚಿನವರು ಇದನ್ನು ಮುಟ್ಟುವುದೇ ಇಲ್ಲ. ಆದರೆ ಖಾಯಂ ಗಿರಾಕಿಗಳನ್ನು ಉಳಿಸಿಕೊಳ್ಳುವ ಗುಟ್ಟೆಲ್ಲ ಇಲ್ಲೇ ಇದೆ. ಮಲ್ಲೇಶ್ವರದ ಒಬ್ಬ ಅಕ್ಕ ನಿಮ್ಮಲ್ಲಿ ಒಂದು ಕೆಜಿ ಪುಡಿ ತಗೊಂಡು ಹೋದರು ಅನ್ನಿ. ಮನೆಯಲ್ಲಿ ಮೂರು ಜನ ಇದ್ದರೆ ಒಂದು ತಿಂಗಳ ಮೇಲೆ ಸ್ವಲ್ಪ ಬರಬಹುದು. ಐದನೇ ವಾರ ಒಂದು ಮೆಸೇಜ್ ಹಾಕಿ: "ಅಕ್ಕ, ಹೋದ ಸಲದ ಪೀಬೆರಿ ಪುಡಿ ಮುಗೀತಾ? ಮಂಗಳವಾರ ಹುರಿಯುತ್ತಿದ್ದೇವೆ. ಬೇಕಿದ್ದರೆ ಬುಧವಾರ ಕಳಿಸಿಕೊಡ್ತೀನಿ." ಅವರು ಏನು ತಗೊಂಡಿದ್ದರು ಅನ್ನುವುದು ನಿಮಗೆ ನೆನಪಿದೆ, ಅಷ್ಟೇ ಸಾಕು. ಸೂಪರ್ ಮಾರ್ಕೆಟ್ಟಿನಲ್ಲಿ ಈ ಮಾತು ಯಾರು ಕೇಳುತ್ತಾರೆ?

ಒಂದೇ ಮೆಸೇಜನ್ನು ತುಂಬಾ ಜನಕ್ಕೆ ಕಳಿಸಲು ಬ್ರಾಡ್‌ಕಾಸ್ಟ್ ಪಟ್ಟಿ ಇದೆ. ಆದರೆ ನಿಮ್ಮ ನಂಬರನ್ನು ಸೇವ್ ಮಾಡಿಕೊಂಡವರಿಗೆ ಮಾತ್ರ ಅದು ಮುಟ್ಟುತ್ತದೆ. ಹಾಗಾಗಿ ಬಿಲ್ ಕೊಡುವಾಗಲೇ "ನಂಬರ್ ಸೇವ್ ಮಾಡ್ಕೊಳ್ಳಿ" ಅನ್ನಿ. ತಿಂಗಳಿಗೆ ಎರಡು ಸಲಕ್ಕಿಂತ ಜಾಸ್ತಿ ಕಳಿಸಬೇಡಿ. ಕೇಳದೆ ಜನರನ್ನು ಗ್ರೂಪಿಗೆ ಸೇರಿಸುವುದಂತೂ ಬೇಡವೇ ಬೇಡ. ಸೇರಿಸಿದ ಕೂಡಲೇ ಬಿಟ್ಟು ಹೋಗುತ್ತಾರೆ, ಬ್ಲಾಕ್ ಕೂಡ ಮಾಡುತ್ತಾರೆ.

6. ಗಿರಾಕಿ ಕಳಿಸಿಕೊಡುವವರು ಯಾರು?

ಪ್ರವಾಸಿಗಳಿಗೆ "ಇಲ್ಲಿ ಒಳ್ಳೆ ಕಾಫಿ ಪುಡಿ ಎಲ್ಲಿ ಸಿಗುತ್ತೆ?" ಅನ್ನುವ ಪ್ರಶ್ನೆ ಬಂದರೆ ಯಾರನ್ನು ಕೇಳುತ್ತಾರೆ? ಹೋಮ್‌ಸ್ಟೇಯವರನ್ನು, ಗಿರಿಗೆ ಕರೆದುಕೊಂಡು ಹೋಗುವ ಜೀಪ್ ಡ್ರೈವರನ್ನು. ಇಂಥ ಐದಾರು ಜನರನ್ನು ಖುದ್ದಾಗಿ ಹೋಗಿ ಮಾತಾಡಿಸಿ. ಹೋಮ್‌ಸ್ಟೇಗೆ ಕಾಲು ಕೆಜಿ ಪುಡಿ ಕೊಟ್ಟು "ನಿಮ್ಮ ಗೆಸ್ಟ್‌ಗಳಿಗೆ ಇದರಲ್ಲೇ ಕಾಫಿ ಮಾಡಿಕೊಡಿ" ಅನ್ನಿ. ಕುಡಿದವರು ಹೊರಡುವಾಗ ಯಾವ ಪುಡಿ ಅಂತ ಕೇಳುತ್ತಾರೆ.

ಕಮಿಷನ್ ವಿಷಯ ಬರುತ್ತದೆ. ಕೊಡುವುದು ಬಿಡುವುದು ನಿಮಗೆ ಬಿಟ್ಟಿದ್ದು. ನನ್ನ ಕಿವಿಮಾತು ಇಷ್ಟೇ: ಕಮಿಷನ್ ಸೇರಿಸಿ ಪ್ರವಾಸಿಗೊಂದು ರೇಟು, ಊರಿನವರಿಗೊಂದು ರೇಟು ಮಾಡಬೇಡಿ. ಫೋನಿನಲ್ಲೇ ಎಲ್ಲರ ಬೆಲೆ ನೋಡುವ ಕಾಲ ಇದು. ದುಡ್ಡಿನ ಬದಲು ಗಿರಾಕಿಗೆ ಗಿರಾಕಿ ಅನ್ನುವುದು ಇನ್ನೂ ಚೆನ್ನ. ಅವರು ನಿಮಗೆ ಪುಡಿ ಗಿರಾಕಿ ಕಳಿಸಲಿ, ನೀವು ರೂಮ್ ಕೇಳುವವರನ್ನು ಅವರಿಗೆ ಕಳಿಸಿ. ಟೈಲರ್ ಮತ್ತು ಸೀರೆ ಅಂಗಡಿ, ಅಡುಗೆ ಕಂಟ್ರಾಕ್ಟರ್ ಮತ್ತು ಶಾಮಿಯಾನದವರು ಹೀಗೆಯೇ ನಡೆಸುತ್ತಾ ಬಂದಿದ್ದಾರೆ.

7. ಲೇಬಲ್ಲು, ಕಾಗದ ಪತ್ರ

ಬೇಸರದ ಭಾಗ, ಆದರೆ ದೂರದ ಗಿರಾಕಿ ನಿಮ್ಮನ್ನು ನಂಬುವುದು ಇದನ್ನು ನೋಡಿಯೇ. ತಿನ್ನುವ ಕುಡಿಯುವ ಪದಾರ್ಥ ಮಾರುವುದಾದರೆ, ಮನೆಯಲ್ಲೇ ಮಾಡಿದರೂ, ಎಫ್ಎಸ್ಎಸ್ಎಐ (ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ) ನೋಂದಣಿ ಬೇಕು. ಅದರ 14 ಅಂಕಿಯ ನಂಬರ್ ಪ್ಯಾಕೆಟ್ ಮೇಲೆ ಇರಬೇಕು. ಜೊತೆಗೆ ತಯಾರಕರ ವಿಳಾಸ, ನಿವ್ವಳ ತೂಕ, ಎಂಆರ್‌ಪಿ, ಪ್ಯಾಕ್ ಮಾಡಿದ ದಿನ, ದೂರಿಗೆ ಫೋನ್ ನಂಬರ್. ಕಾಫಿಗೆ ಚಿಕೋರಿ ಬೆರೆಸಿದ್ದರೆ ಯಾವುದು ಎಷ್ಟು ಶೇಕಡಾ ಅಂತ ಹಾಕಲೇಬೇಕು, ಕಾಫಿ ಶೇ 51ಕ್ಕಿಂತ ಕಮ್ಮಿ ಇರುವಂತಿಲ್ಲ. ಚಿಕ್ಕಮಗಳೂರು ಅರೇಬಿಕಾ, ಬಾಬಾಬುಡನ್‌ಗಿರಿ ಅರೇಬಿಕಾ ಎರಡಕ್ಕೂ 2019ರಲ್ಲಿ ಜಿಐ ಟ್ಯಾಗ್, ಅಂದರೆ ಇಂಥ ಊರಿನದ್ದೇ ಅನ್ನುವ ಭೌಗೋಳಿಕ ಗುರುತು, ಸಿಕ್ಕಿದೆ. ಅಧಿಕೃತ ಬಳಕೆದಾರರಾಗಿ ನೋಂದಾಯಿಸಿಕೊಳ್ಳದೆ ಆ ಗುರುತನ್ನು ಸುಮ್ನೆ ಲೇಬಲ್ ಮೇಲೆ ಹಾಕಿಕೊಳ್ಳುವ ಹಾಗಿಲ್ಲ.

ಸಣ್ಣ ಉದ್ಯಮಗಳಿಗೆ ಇರುವ ಉದ್ಯಮ್ ನೋಂದಣಿ ಸರ್ಕಾರಿ ಪೋರ್ಟಲ್‌ನಲ್ಲಿ ಉಚಿತ. ಆಧಾರ್, ಪ್ಯಾನ್ ಇದ್ದರೆ ಆಯಿತು. ಅದೇ ಥರ ಕಾಣುವ ಖಾಸಗಿ ವೆಬ್‌ಸೈಟ್‌ಗಳು ಸಾವಿರಾರು ರೂಪಾಯಿ ಕೀಳುತ್ತವೆ, ಹುಷಾರು.

2025ರ ಜುಲೈನಲ್ಲಿ ಯುಪಿಐ ಲೆಕ್ಕ ನೋಡಿ ಸಣ್ಣ ವ್ಯಾಪಾರಿಗಳಿಗೆ ತೆರಿಗೆ ನೋಟಿಸ್ ಬಂದಾಗ ಹಲವರು ಸ್ಕ್ಯಾನರ್ ಕಿತ್ತು "ನಗದು ಮಾತ್ರ" ಅಂತ ಚೀಟಿ ಅಂಟಿಸಿದರು. ನನಗೆ ಅದು ಸರಿ ಕಾಣಲಿಲ್ಲ. ಬೆಂಗಳೂರಿನಿಂದ ಬರುವವರ ಜೇಬಿನಲ್ಲಿ ನೋಟೇ ಇರುವುದಿಲ್ಲ. ಜಿಎಸ್‌ಟಿ ನೋಂದಣಿಯ ಮಿತಿ ಸರಕಿಗೆ ವರ್ಷಕ್ಕೆ 40 ಲಕ್ಷ, ಸೇವೆಗೆ 20 ಲಕ್ಷ ರೂಪಾಯಿ ವಹಿವಾಟು. ಹೊರ ರಾಜ್ಯಕ್ಕೆ ಸರಕು ಮಾರುವುದಾದರೆ ನಿಯಮ ಬೇರೆ. ಅಕೌಂಟೆಂಟ್ ಹತ್ತಿರ ಒಂದು ಸಲ ಕೂತು ಕೇಳಿಕೊಳ್ಳಿ, ಸ್ಕ್ಯಾನರ್ ಇರಲಿ.

8. ಪಾರ್ಸೆಲ್

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ ಹಿಡಿದರೆ ಊರಿನವರೂ ಹೊರಗೆ ಬರುವುದಿಲ್ಲ. ಆ ನಾಲ್ಕು ತಿಂಗಳು ಕೈ ಹಿಡಿಯುವುದು ಪಾರ್ಸೆಲ್ ಗಿರಾಕಿಗಳೇ. ಸ್ಪೀಡ್ ಪೋಸ್ಟ್ ಇದೆ, ಬಸ್ಸಿನಲ್ಲಿ ಪಾರ್ಸೆಲ್ ಕಳಿಸುವ ಕೆಎಸ್ಆರ್‌ಟಿಸಿಯ 'ನಮ್ಮ ಕಾರ್ಗೋ' 2021ರಿಂದ ಇದೆ. ಪೋಸ್ಟ್ ಖರ್ಚು ಎಷ್ಟು ಅಂತ ಮೊದಲೇ ಹೇಳಿ. ಪುಡಿ, ಮಸಾಲೆಗೆ ಒಳಗೊಂದು ದಪ್ಪ ಕವರ್ ಬೇಕೇ ಬೇಕು, ನಮ್ಮ ಮಳೆಗಾಲದ ತೇವ ಬಿಡುವುದಿಲ್ಲ. ಕಳಿಸಿದ ಕೂಡಲೇ ರಸೀದಿಯ ಫೋಟೋ ಹಾಕಿ.

ಮೋಸಗಾರರೂ ಇದ್ದಾರೆ. "ಮಿಲಿಟರಿ ಕ್ಯಾಂಪಿಗೆ ಐವತ್ತು ಕೆಜಿ ಬೇಕು, ಅಡ್ವಾನ್ಸ್ ಕಳಿಸ್ತೀವಿ, ಈ ಕ್ಯೂಆರ್ ಸ್ಕ್ಯಾನ್ ಮಾಡಿ ಪಿನ್ ಒತ್ತಿ" ಅನ್ನುತ್ತಾರೆ. ದುಡ್ಡು ಪಡೆಯಲಿಕ್ಕೆ ಯುಪಿಐ ಪಿನ್ ಒತ್ತುವ ಪ್ರಶ್ನೆಯೇ ಇಲ್ಲ.

9. ಇಷ್ಟೆಲ್ಲಾ ಆದ ಮೇಲೆ ಜಾಹೀರಾತು

ಈಗ ದುಡ್ಡು ಹಾಕಬಹುದು. ಫೇಸ್‌ಬುಕ್, ಇನ್‌ಸ್ಟಾಗ್ರಾಂ ಜಾಹೀರಾತಿನಲ್ಲಿ ಯಾವ ಊರಿನ, ಸುತ್ತ ಎಷ್ಟು ಕಿಲೋಮೀಟರ್‌ನ ಜನಕ್ಕೆ ಕಾಣಬೇಕು ಅಂತ ನೀವೇ ಗುರುತಿಸಬಹುದು. ಒತ್ತಿದರೆ ನೇರ ನಿಮ್ಮ ವಾಟ್ಸ್ಆ್ಯಪ್ ತೆರೆಯುವ ಹಾಗೂ ಮಾಡಬಹುದು. ಬ್ಯೂಟಿ ಪಾರ್ಲರ್‌ಗೆ ಹತ್ತು ಕಿಲೋಮೀಟರ್ ಸುತ್ತ ಸಾಕು. ಹೋಮ್‌ಸ್ಟೇಗೆ ಬೆಂಗಳೂರು ಆರಿಸಿ. ಅದನ್ನೂ ಸೋಮವಾರದಿಂದ ಗುರುವಾರದವರೆಗೆ ಹಾಕಿ, ವಾರಾಂತ್ಯಕ್ಕೆ ಎಲ್ಲಿಗೆ ಹೋಗೋಣ ಅಂತ ಜನ ಮಾತಾಡಿಕೊಳ್ಳುವ ದಿನಗಳು ಅವು. ಶನಿವಾರ ಬೆಳಿಗ್ಗೆ ಅವರು ಆಗಲೇ ಹೊರಟಾಗಿರುತ್ತದೆ.

ಸಣ್ಣ ಮೊತ್ತದಲ್ಲಿ ಒಂದು ವಾರ ಓಡಿಸಿ. ಮೆಸೇಜ್ ಮಾಡಿದ ಪ್ರತಿಯೊಬ್ಬರನ್ನೂ "ಎಲ್ಲಿ ನೋಡಿದ್ರಿ?" ಅಂತ ಕೇಳಿ ಬರೆದಿಡಿ. ವಾರ ಮುಗಿದ ಮೇಲೆ ಖರ್ಚಾದ ದುಡ್ಡನ್ನು ಅದರಿಂದ ಬಂದ ಗಿರಾಕಿಗಳ ಲೆಕ್ಕಕ್ಕೆ ಹಂಚಿ ನೋಡಿ. ಒಬ್ಬರನ್ನು ತರಲು 150 ರೂಪಾಯಿ ಬಿದ್ದು, ಅವರಿಂದ ಉಳಿದದ್ದು 60 ರೂಪಾಯಿ ಅಂದುಕೊಳ್ಳಿ. ಒಂದು ಸಲ ಬಂದು ಹೋಗುವ ವ್ಯಾಪಾರವಾದರೆ ಅಲ್ಲಿಗೇ ನಿಲ್ಲಿಸಿ. ತಿಂಗಳು ತಿಂಗಳು ಪುಡಿ ತರಿಸುವ ಗಿರಾಕಿಯಾದರೆ ಮೂರನೇ ಪ್ಯಾಕೆಟ್ಟಿಗೆ ಅಸಲು ಬಂತು, ಇನ್ನೊಂದು ವಾರ ಓಡಿಸಿ.